ಯಾರೂ ಹೇಳಿಕೊಡದ ಮೊದಲ ರಾತ್ರಿಗಳು

ನಮ್ಮ ಬಸ್ ನಿಲ್ದಾಣಗಳ ಮೂತ್ರಾಲಯದ ಗೋಡೆಗಳಿಗೆ ನಾಚಿಕೆ ಇಲ್ಲ. ರೈಲು ಹಳಿಗಳ ಪಕ್ಕದ ಕಾಂಪೌಂಡುಗಳಿಗೂ ಇಲ್ಲ. ಪುರುಷ ದೌರ್ಬಲ್ಯಕ್ಕೆ ಶಾಶ್ವತ ಪರಿಹಾರ, ಕಳೆದುಹೋದ ಯೌವನ ಮರಳಿ ಪಡೆಯಿರಿ, ಗುಪ್ತರೋಗ ತಜ್ಞರು ತಿಂಗಳಿಗೊಮ್ಮೆ ಇಂಥ ಲಾಡ್ಜಿನಲ್ಲಿ ಲಭ್ಯ ಎಂದು ಅವು ದಶಕಗಳಿಂದ ಕೂಗುತ್ತಲೇ ಇವೆ. ಲೈಂಗಿಕ ಸಾಮರ್ಥ್ಯವನ್ನು ಹೆಚ್ಚಿಸುವುದಾಗಿ ಹೇಳುವ ಔಷಧಿಗಳ ಜಾಹೀರಾತನ್ನು ನಿಷೇಧಿಸುವ ಕಾನೂನು ಈ ದೇಶದಲ್ಲಿ 1954ರಲ್ಲೇ ಬಂದಿದೆ. ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯಲ್ಲಿದೆ. ಎರಡೂ ಒಂದನ್ನೊಂದು ನೋಡದ ಹಾಗೆ ಬದುಕುತ್ತಿವೆ.

ಆದರೆ ಇದೇ ಊರಿನ ಒಬ್ಬ ಗಂಡಸು ಗೋಡೆಬರಹಗಳನ್ನು ನಂಬದೆ, ಅರ್ಹ ವೈದ್ಯರ ಬಳಿಗೇ ಹೋಗಿ, ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು, ಕೊನೆಗೆ ಶಿಶ್ನದ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದನೆನ್ನಿ. ಆ ರಾತ್ರಿ ಅವನ ಮುಂದಿರುವುದು ಒಂದೇ ಪ್ರಶ್ನೆ: ನಾನು ಈಗ ಹೇಗೆ ಮಲಗಲಿ? ಅಂಗಾತವೋ, ಮಗ್ಗುಲಾಗಿಯೋ? ಕಾಲು ಚಾಚಬೇಕೋ, ಮಡಚಬೇಕೋ? ಲುಂಗಿ ಸಾಕೋ, ಬಿಗಿಯಾದ ಒಳಉಡುಪು ಬೇಕೋ? ನಿದ್ದೆಯಲ್ಲಿ ಹೊರಳಿದರೆ ಒಳಗಿನದು ಮುರಿದುಹೋಗುತ್ತದೆಯೋ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಗೋಡೆ ಒಂದೂ ಇಲ್ಲ. ಸುಳ್ಳು ಹೇಳಲು ಇಡೀ ಊರಿನ ಗೋಡೆಗಳಿವೆ, ನಿಜ ಹೇಳಲು ಒಂದು ಹಾಳೆ ಕಾಗದವಿಲ್ಲ.

‘ಇದೇನು ಬರೆಯುವ ವಿಷಯವೇ?’ ಎಂದು ಕೆಲವರು ಹುಬ್ಬೇರಿಸಬಹುದು. ಹುಬ್ಬೇರಿಸುವವರ ಮನೆಯಲ್ಲೂ ಮಧುಮೇಹದ ರೋಗಿಗಳು ಇರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು. ಮಧುಮೇಹ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಕಣ್ಣು, ಮೂತ್ರಪಿಂಡ, ಪಾದಗಳ ಹಾಗೆ ಶಿಶ್ನವೂ ಆ ನರ, ಆ ನಾಳಗಳನ್ನೇ ನಂಬಿರುವ ಅಂಗ. ಮಧುಮೇಹ ಇರುವ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಉಳಿದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಬೋಸ್ಟನ್ ಸುತ್ತಮುತ್ತ ನಡೆದು 1994ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ 40ರಿಂದ 70 ವಯಸ್ಸಿನ ಗಂಡಸರಲ್ಲಿ ಶೇ. 52 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆ ಇತ್ತು. ಅರ್ಧದಷ್ಟು ಜನರಿಗೆ ಬರುವ ಕಾಯಿಲೆಯನ್ನು ‘ಅಪರೂಪದ ಅಸಹ್ಯ’ ಎಂದು ಬಗೆಯುವ ಸಮಾಜ ತನ್ನನ್ನು ತಾನೇ ಮೋಸಗೊಳಿಸಿಕೊಳ್ಳುತ್ತಿದೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ನಿಜ. 1998ರಲ್ಲಿ ಸಿಲ್ಡೆನಾಫಿಲ್ ಮಾತ್ರೆ ಬಂದ ಮೇಲೆ ಬಹಳ ಮಂದಿಗೆ ಮಾತ್ರೆಯೇ ಸಾಕಾಯಿತು. ಮಾತ್ರೆಯೂ ಚುಚ್ಚುಮದ್ದೂ ಕೆಲಸ ಮಾಡದವರು, ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ನರ ಕಳೆದುಕೊಂಡವರು, ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದವರು, ಒಳಗೆ ಗಾಯದ ಕಲೆ ಗಟ್ಟಿಯಾಗಿ ಅಂಗವೇ ಬಾಗಿಹೋದವರು ಕೊನೆಗೆ ಇಂಪ್ಲಾಂಟಿನ ಕಡೆ ಬರುತ್ತಾರೆ. ಗಾಳಿ ತುಂಬಿದ ಹಾಗೆ ದ್ರವ ತುಂಬಿಸಿ ಗಟ್ಟಿಗೊಳಿಸುವ ಸಾಧನವನ್ನು ಅಮೆರಿಕದ ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು 1973ರಲ್ಲಿ ಪರಿಚಯಿಸಿದರು. ಅದರ ಎರಡು ನಳಿಕೆಗಳು ಶಿಶ್ನದೊಳಗೆ, ಪಂಪು ವೃಷಣಚೀಲದಲ್ಲಿ, ದ್ರವದ ಚೀಲ ಕೆಳಹೊಟ್ಟೆಯೊಳಗೆ ಕೂರುತ್ತವೆ. ಇನ್ನೊಂದು ಬಗೆ ಸರಳವಾದದ್ದು. ಬೇಕಾದಾಗ ಮೇಲಕ್ಕೂ ಬೇಡವಾದಾಗ ಕೆಳಕ್ಕೂ ಬಾಗಿಸಬಹುದಾದ ಎರಡು ಕಡ್ಡಿಗಳು ಮಾತ್ರ. ಈ ಎರಡನೆಯ ಬಗೆಯನ್ನು ಮುಂಬಯಿಯ ಡಾ. ರೂಪಿನ್ ಶಾ ನಮ್ಮ ದೇಶದಲ್ಲೇ ಕಡಿಮೆ ಖರ್ಚಿನಲ್ಲಿ ಸಿಗುವಂತೆ ರೂಪಿಸಿದರು. ಹಾಗಾಗಿ ಇದು ಸಿನಿಮಾ ನಟರ, ಅರಬ್ ಶೇಖರ ಶೋಕಿ ಎಂದು ತಳ್ಳಿಹಾಕುವ ಹಾಗಿಲ್ಲ. ಮಾಸ್ತರರು, ಬಸ್ ಕಂಡಕ್ಟರುಗಳು, ಅಂಗಡಿ ಇಟ್ಟುಕೊಂಡವರೂ ಸಾಲ ಮಾಡಿ, ಚಿನ್ನ ಅಡವಿಟ್ಟು ಮಾಡಿಸಿಕೊಳ್ಳಬಹುದಾದ ಚಿಕಿತ್ಸೆ ಇದು.

ಇಂಥವನೊಬ್ಬ ಮನೆಯಲ್ಲಿ ಏನು ಹೇಳಿ ಆಸ್ಪತ್ರೆಗೆ ಹೋಗುತ್ತಾನೆ? ಬಹುತೇಕ ‘ಹರ್ನಿಯಾ’ ಎನ್ನುತ್ತಾನೆ. ಇಲ್ಲವೆಂದರೆ ‘ಮೂತ್ರದ ಕಲ್ಲು’. ಈ ಒಂದು ಸಣ್ಣ ಸುಳ್ಳು ಅವನ ಮಾನವನ್ನು ಕಾಪಾಡುತ್ತದೆ ಎಂದು ಅವನು ನಂಬಿರುತ್ತಾನೆ. ಅದು ಮೊದಲು ಕಸಿದುಕೊಳ್ಳುವುದೇ ಅವನ ನಿದ್ದೆಯನ್ನು. ಹರ್ನಿಯಾ ಆದವನಿಗೆ ತೊಡೆಗಳ ನಡುವೆ ಮಂಜುಗಡ್ಡೆ ಯಾಕೆ? ಒಳಗಿನ ಕೋಣೆಯ ಬಾಗಿಲು ಯಾಕೆ ಮುಚ್ಚಬೇಕು? ಅಜ್ಜನ ಪಕ್ಕದಲ್ಲೇ ಮಲಗಿ ಅಭ್ಯಾಸವಾದ ಮೊಮ್ಮಗ ಇವತ್ತೂ ಹಾಸಿಗೆ ಹತ್ತುತ್ತಾನೆ, ನಿದ್ದೆಗಣ್ಣಲ್ಲಿ ಕಾಲು ಎತ್ತಿ ಅಜ್ಜನ ಹೊಟ್ಟೆಯ ಮೇಲೆ ಹಾಕುತ್ತಾನೆ. ಬೇಡ ಎನ್ನಲು ಅಜ್ಜನ ಬಳಿ ಕಾರಣವಿಲ್ಲ. ನೆಂಟರು ರಾತ್ರಿ ಹತ್ತರವರೆಗೆ ಕೂತು ತಮಗೆ ಗೊತ್ತಿರುವ ಹರ್ನಿಯಾ ರೋಗಿಗಳ ಕತೆ ಹೇಳುತ್ತಾರೆ. ಅವನು ಲುಂಗಿಯ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಕೈ ಇಟ್ಟುಕೊಂಡು, ಹಲ್ಲು ಕಚ್ಚಿ ನಗುತ್ತಾನೆ. ಎಲ್ಲರೂ ಹೋದ ಮೇಲೆ ದೀಪ ಆರಿಸಿ, ಗೋಡೆ ನೋಡುತ್ತಾ ಬೆಳಗು ಮಾಡುತ್ತಾನೆ.

ಇದರಿಂದ ಆಗುವ ನಷ್ಟ ಬರೀ ಮನಸ್ಸಿನದಲ್ಲ. ನೋವು ತಡೆದುಕೊಂಡು ನಿದ್ದೆಗೆಟ್ಟರೆ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಏರುತ್ತವೆ. ಅವು ಏರಿದರೆ ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಗಾಯ ಮಾಯುವುದು ತಡವಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಮೊದಲ ಬಾರಿ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಸೋಂಕು ತಗಲುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಮಂದಿಗೆ ಮಾತ್ರ. ಆದರೆ ಹತೋಟಿ ತಪ್ಪಿದ ಮಧುಮೇಹ ಇರುವವರಿಗೆ ಅಪಾಯ ಇದಕ್ಕಿಂತ ಹೆಚ್ಚು. ಸೋಂಕು ಒಳಗಿನ ಸಾಧನಕ್ಕೆ ಅಂಟಿಕೊಂಡರೆ ಔಷಧಿಯೊಂದರಿಂದಲೇ ಹೋಗುವುದು ಕಷ್ಟ. ಸಾಮಾನ್ಯವಾಗಿ ಮತ್ತೆ ಕೊಯ್ದು ಹಾಕಿದ್ದನ್ನು ಹೊರತೆಗೆಯಬೇಕಾಗುತ್ತದೆ. ಹಾಗಾದರೆ ಆ ಮೊದಲ ಐದಾರು ರಾತ್ರಿಗಳ ನಿದ್ದೆ ಸುಖದ ಮಾತೋ, ಚಿಕಿತ್ಸೆಯ ಭಾಗವೋ? ಲಕ್ಷಗಟ್ಟಲೆ ಖರ್ಚಿನ ಶಸ್ತ್ರಚಿಕಿತ್ಸೆಯನ್ನು ಒಂದು ದಿಂಬಿನ ಸಲಹೆಯಿಲ್ಲದೆ ಅಪಾಯಕ್ಕೆ ಒಡ್ಡುವುದು ಯಾವ ವೈದ್ಯಶಾಸ್ತ್ರ?

ಹೇಳಬೇಕಾದದ್ದು ಹೆಚ್ಚೇನೂ ಇಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೇಳಿದರೆ ಆಕಾಶ ಕಳಚಿ ಬೀಳುತ್ತದೆಯೋ ನೋಡೋಣ.

ಮೊದಲ ಕೆಲವು ರಾತ್ರಿ ಅಂಗಾತ ಮಲಗುವುದೇ ಹೆಚ್ಚು ನೆಮ್ಮದಿ. ತಲೆಯ ಕಡೆ ಎರಡು ದಿಂಬು, ಮೊಣಕಾಲಿನ ಕೆಳಗೆ ಒಂದು ದಿಂಬು. ಮೊಣಕಾಲು ತುಸು ಮಡಚಿದ್ದರೆ ಕೆಳಹೊಟ್ಟೆಯ ಸ್ನಾಯುಗಳು ಸಡಿಲಾಗಿ ಹೊಲಿಗೆಯ ಎಳೆತ ಕಡಿಮೆಯಾಗುತ್ತದೆ. ವೃಷಣಚೀಲದ ಕೆಳಗೆ ಟವೆಲ್ಲನ್ನು ಸುರುಳಿ ಸುತ್ತಿ ಇಟ್ಟು ಅದನ್ನು ಸ್ವಲ್ಪ ಎತ್ತರಿಸಿದರೆ ಬಾವು ಇಳಿಯಲು ಸಹಾಯ. ಸಾಮಾನ್ಯವಾಗಿ ವೈದ್ಯರು ಶಿಶ್ನವನ್ನು ಹೊಟ್ಟೆಯ ಕಡೆಗೆ ಮೇಲ್ಮುಖವಾಗಿ ಇರಿಸಿ, ಬಿಗಿಯಾದ ಆದರೆ ಕಚ್ಚದ ಒಳಉಡುಪು ಹಾಕಲು ಹೇಳುತ್ತಾರೆ. ಬರೀ ಲುಂಗಿಯಲ್ಲಿ ಮಲಗಿದರೆ ಎಲ್ಲವೂ ಜೋತುಬಿದ್ದು ನೋವು ಹೆಚ್ಚುತ್ತದೆ. ಒಳಗೆ ಆಧಾರವಿದ್ದು ಮೇಲೆ ಲುಂಗಿ ಇರಲಿ. ಕವುಚಿ ಮಲಗುವುದನ್ನು ವೈದ್ಯರು ಒಪ್ಪುವವರೆಗೆ ಮರೆತುಬಿಡಬೇಕು. ಮಗ್ಗುಲಾಗಿ ಮಲಗುವುದು ನೋವು ತಗ್ಗಿದ ಮೇಲೆ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡು. ನಿದ್ದೆಯಲ್ಲಿ ಹೊರಳಿದರೆ ಒಳಗಿನದು ಮುರಿಯುತ್ತದೆ ಎಂಬ ಭಯ ಬೇಡ. ಅದು ಬಹಳ ವರ್ಷ ಬಾಳುವಂತೆ ಮಾಡಿದ ಸಾಧನ. ಹೊರಳಿದರೆ ನೋವಾಗುತ್ತದೆ, ಅಷ್ಟೆ. ಎರಡು ಪಕ್ಕಕ್ಕೂ ಒಂದೊಂದು ದಿಂಬು ಒತ್ತರಿಸಿದರೆ ಹೊರಳುವುದೇ ತಪ್ಪುತ್ತದೆ.

ಚಾಪೆಯಲ್ಲಿ ಮಲಗುವ ರೂಢಿ ಇದ್ದವರು ಒಂದೆರಡು ವಾರಕ್ಕಾದರೂ ಮಂಚ ಹೊಂದಿಸಿಕೊಳ್ಳಬೇಕು. ನೆಲದಿಂದ ಏಳುವಾಗ ಹೊಟ್ಟೆಯೂ ತೊಡೆಯೂ ಒಟ್ಟಿಗೆ ಬಿಗಿಯುತ್ತವೆ. ಮಂಚದಿಂದ ಏಳುವಾಗಲೂ ನೇರ ಎದ್ದು ಕೂರದೆ, ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು. ನೋವಿನ ಮಾತ್ರೆಯನ್ನು ನೋವು ತಡೆಯಲಾಗದ ಹೊತ್ತಿಗೆ ಹುಡುಕುವುದಲ್ಲ. ವೈದ್ಯರು ಹೇಳಿದ ವೇಳೆಗೆ, ಅದರಲ್ಲೂ ಮಲಗುವ ಮುಂಚಿನದ್ದನ್ನು ತಪ್ಪದೆ ತೆಗೆದುಕೊಳ್ಳಬೇಕು. ಮೂತ್ರಪಿಂಡ ದುರ್ಬಲವಾಗಿರುವವರು ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗಬಾರದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಬೇಕು, ಅದನ್ನು ಇಟ್ಟುಕೊಂಡೇ ನಿದ್ದೆ ಹೋಗಬಾರದು. ಮಧುಮೇಹದಿಂದ ಸ್ಪರ್ಶ ಮಂದವಾದವರಿಗೆ ಚರ್ಮ ಸುಟ್ಟದ್ದೇ ತಿಳಿಯುವುದಿಲ್ಲ. ಸಂಜೆಯ ಮೇಲೆ ನೀರು ಕಡಿಮೆ ಮಾಡಿ, ಮಲಗುವ ಮುಂಚೆ ಮೂತ್ರ ಮಾಡಿ, ಹಾಸಿಗೆಯ ಪಕ್ಕ ಒಂದು ಬಾಟಲಿ ಇಟ್ಟುಕೊಂಡರೆ ರಾತ್ರಿ ನಾಲ್ಕು ಸಲ ಏಳುವುದು ತಪ್ಪುತ್ತದೆ. ಬಲವಾದ ನೋವಿನ ಮಾತ್ರೆಗಳು ಮಲಬದ್ಧತೆ ತರುತ್ತವೆ. ಮುಕ್ಕಿದರೆ ಕೆಳಗೆಲ್ಲ ಸೆಳೆತ. ಹಗಲಲ್ಲಿ ಸಾಕಷ್ಟು ನೀರು, ನಾರಿನ ಆಹಾರ, ವೈದ್ಯರು ಒಪ್ಪಿದರೆ ಇಸಬ್‌ಗೋಲು ಇರಲಿ. ಕುಕ್ಕುರುಗಾಲಿನ ಪಾಯಖಾನೆಯ ಮೇಲೆ ಕುರ್ಚಿಯೊಂದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತನ್ನು ಬಹಳ ಮಂದಿ ಮರೆಯುತ್ತಾರೆ. ದಪ್ಪಗಿನ ಮೈ, ಮಧುಮೇಹ, ಜೋರಾದ ಗೊರಕೆ, ನಿಮಿರುವಿಕೆಯ ತೊಂದರೆ ಇವು ಒಂದೇ ದೇಹದಲ್ಲಿ ಒಟ್ಟಿಗೆ ಇರುವುದು ಸಾಮಾನ್ಯ. ಗೊರಕೆಯ ನಡುವೆ ಉಸಿರು ಕಟ್ಟುವ ಕಾಯಿಲೆ ಇದ್ದವರಿಗೆ ಚಪ್ಪಟೆಯಾಗಿ ಅಂಗಾತ ಮಲಗಿದರೆ ಉಸಿರು ಇನ್ನಷ್ಟು ಕಟ್ಟುತ್ತದೆ. ಅದರ ಮೇಲೆ ಟ್ರಮಡಾಲ್‌ನಂಥ ಮಾತ್ರೆ ಅಥವಾ ನಿದ್ದೆ ಗುಳಿಗೆ ಸೇರಿದರೆ ಅಪಾಯ. ಅಂಥವರು ತಲೆಯ ಕಡೆ ಚೆನ್ನಾಗಿ ಎತ್ತರಿಸಿಕೊಂಡೇ ಮಲಗಬೇಕು. ಮನೆಯಲ್ಲಿ ಉಸಿರಾಟದ ಯಂತ್ರ ಬಳಸುವವರು ಮೊದಲ ರಾತ್ರಿಯಿಂದಲೇ ಬಳಸಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ‘ನನಗೆ ಗೊರಕೆ ಇದೆ’ ಎಂದು ವೈದ್ಯರಿಗೆ ಹೇಳಬೇಕು. ಆದರೆ ರಾತ್ರಿ ಉಸಿರು ಕಟ್ಟುವುದನ್ನು ಕಂಡವಳು ಹೆಂಡತಿ. ಅವಳನ್ನು ಆ ಕೋಣೆಯೊಳಗೆ ಕರೆದವರು ಯಾರು?

ಹೆದರಬೇಕಾದದ್ದು ಯಾವುದು, ಹೆದರಬಾರದ್ದು ಯಾವುದು ಎಂಬುದೂ ಗೊತ್ತಿರಬೇಕು. ಎರಡನೇ ಮೂರನೇ ದಿನಕ್ಕೆ ಬಾವು ಏರಿ, ವೃಷಣಚೀಲ ಕಪ್ಪುನೀಲಿಯಾದರೆ ಅದು ಬಹುತೇಕ ಚರ್ಮದಡಿಯ ರಕ್ತದ ಬಣ್ಣ. ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಪಂಪಿನ ಸಾಧನವನ್ನು ಕೆಲವು ವೈದ್ಯರು ರಕ್ತಸ್ರಾವ ತಡೆಯಲೆಂದು ಮೊದಲ ದಿನಗಳಲ್ಲಿ ಅರೆಬಿರುಸಾಗಿಯೇ ಬಿಟ್ಟಿರುತ್ತಾರೆ. ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ರಾತ್ರಿಯಿಡೀ ಏನೋ ಕೆಟ್ಟಿತೆಂದು ನಡುಗುತ್ತಾನೆ. ಆದರೆ ಜ್ವರ ಬಂದರೆ, ಕೀವು ಒಸರಿದರೆ, ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಬಾವು ಗಂಟೆಗಳಲ್ಲಿ ದುಪ್ಪಟ್ಟಾದರೆ, ಮೂತ್ರವೇ ಕಟ್ಟಿಕೊಂಡರೆ ಬೆಳಗಾಗಲೆಂದು ಕಾಯುವ ಹಾಗಿಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ‘ಹರ್ನಿಯಾ’ ಎಂದು ಹೇಳಿದ ಗಂಡಸು ಅಪರಾತ್ರಿ ಮಗನನ್ನು ಎಬ್ಬಿಸಲು ಹಿಂಜರಿಯುತ್ತಾನೆ. ಸುಳ್ಳಿನ ಬೆಲೆ ಇಲ್ಲಿ ಅತಿ ಹೆಚ್ಚು.

ಇಷ್ಟೇ. ಇದರಲ್ಲಿ ಅಶ್ಲೀಲ ಎಲ್ಲಿದೆ? ದಿಂಬು ಅಶ್ಲೀಲವೇ? ಟವೆಲ್ಲೇ? ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಎರಡು ಮಗ್ಗುಲಲ್ಲಿ ಅಚ್ಚು ಹಾಕಲು ಯಾವ ಆಸ್ಪತ್ರೆಗೂ ದೊಡ್ಡ ಖರ್ಚಿಲ್ಲ. ಆದರೂ ರೋಗಿಯ ಕೈಗೆ ಸಿಗುವುದು ಹೆಚ್ಚಾಗಿ ಕಂಪೆನಿ ಅಚ್ಚು ಹಾಕಿಸಿದ ಇಂಗ್ಲಿಷ್ ಪುಸ್ತಿಕೆ. ಅದರಲ್ಲಿ ನಗುತ್ತಿರುವ ಬಿಳಿಯ ದಂಪತಿಗಳ ಚಿತ್ರವಿರುತ್ತದೆ, ಸಾಧನದ ಗುಣಗಾನವಿರುತ್ತದೆ. ಚಾಪೆಯಿಂದ ಏಳುವುದು ಹೇಗೆ, ಕುಕ್ಕುರುಗಾಲಿನ ಪಾಯಖಾನೆಗೆ ಏನು ಮಾಡಬೇಕು, ಎಂಟು ಜನರಿರುವ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಮಲಗಬೇಕು ಎಂಬುದು ಅದರಲ್ಲಿ ಇರಲು ಸಾಧ್ಯವಿಲ್ಲ. ಅದನ್ನು ಬರೆದವರಿಗೆ ನಮ್ಮ ಮನೆಗಳು ಗೊತ್ತಿಲ್ಲ. ನಮ್ಮ ವೈದ್ಯರಿಗೆ ಗೊತ್ತಿದೆ, ಅವರು ಹೇಳುವುದಿಲ್ಲ. ಕೇಳಿದರೆ ‘ರೋಗಿಯೇ ಕೇಳುವುದಿಲ್ಲ’ ಎನ್ನುತ್ತಾರೆ. ಹೊರರೋಗಿ ವಿಭಾಗದಲ್ಲಿ ಪರದೆಯ ಆಚೆ ಇಪ್ಪತ್ತು ಜನ ಕಿವಿ ನಿಮಿರಿಸಿ ನಿಂತಿರುವಾಗ ಯಾವ ರೋಗಿ ಕೇಳಿಯಾನು?

ನಮ್ಮವರಿಗೆ ಇಂಥ ಆರೈಕೆ ಗೊತ್ತೇ ಇಲ್ಲವೆಂದಲ್ಲ. ಮುಸ್ಲಿಂ ಮನೆಗಳಲ್ಲಿ ಹುಡುಗನ ಸುನ್ನತ್ ಆದ ದಿನಗಳನ್ನು ನೆನೆಯಿರಿ. ಕರಾವಳಿಯ ಹಳೆಯ ಮನೆಗಳಲ್ಲಿ ಹುಡುಗನನ್ನು ಅಂಗಾತ ಮಲಗಿಸಿ, ಮಾಡಿನಿಂದ ಹಗ್ಗ ಇಳಿಬಿಟ್ಟು, ಹೊದಿಕೆಯ ಬಟ್ಟೆ ಗಾಯಕ್ಕೆ ತಾಗದ ಹಾಗೆ ಡೇರೆಯಂತೆ ಕಟ್ಟುತ್ತಿದ್ದರು. ಅಜ್ಜಿ ರಾತ್ರಿ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದಳು. ಹುಡುಗ ಹೊರಳದ ಹಾಗೆ ಎರಡು ಬದಿಗೆ ದಿಂಬು ಇಡುತ್ತಿದ್ದರು. ಕೋಳಿ, ಮೊಟ್ಟೆ ತಿನ್ನಿಸುತ್ತಿದ್ದರು. ನೆಂಟರು ಬಂದು ಕೈಗೆ ನೋಟು ಇಟ್ಟು ಹೋಗುತ್ತಿದ್ದರು. ಯಾರಿಗೂ ನಾಚಿಕೆ ಇರಲಿಲ್ಲ. ಮಲಗಿಸುವುದು ಹೇಗೆಂದು ಇಡೀ ಮನೆಗೆ ಗೊತ್ತಿತ್ತು. ಅದೇ ಹುಡುಗ, ಅದೇ ಅಂಗ. ಐವತ್ತು ವರ್ಷ ಕಳೆದು ಅದಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಬೀಸಣಿಗೆಯೂ ಇಲ್ಲ, ದಿಂಬೂ ಇಲ್ಲ, ‘ನೋವಾಗುತ್ತಿದೆಯಾ ಮಗನೇ’ ಎನ್ನುವ ಬಾಯಿಯೂ ಇಲ್ಲ. ಏಳು ವರ್ಷದ ಬಾಲಕನಿಗೆ ಸಿಕ್ಕಿದ್ದು ಐವತ್ತೇಳರ ಗಂಡಸಿಗೆ ಸಿಗುವುದಿಲ್ಲ. ಈ ನಡುವೆ ಅವನ ದೇಹದಲ್ಲಿ ಸೇರಿಕೊಂಡದ್ದು ಏನು? ಗಂಡಸ್ತನ ಎಂಬ ಹೊರೆ.

ಬಾಣಂತಿಯ ಕತೆಯನ್ನೂ ನೋಡಿ. ಯಾವ ಜಾತಿ, ಯಾವ ಧರ್ಮದ ಮನೆಯೇ ಇರಲಿ, ಬಾಣಂತಿಗೆ ಪ್ರತ್ಯೇಕ ಮೂಲೆ, ಬೆಚ್ಚಗಿನ ಹಾಸಿಗೆ, ನಲವತ್ತು ದಿನದ ವಿರಾಮ ಕೊಡಬೇಕೆಂಬ ತಿಳುವಳಿಕೆ ಇದೆ. ಬಡತನದಲ್ಲಿ ಅದು ನಡೆಯದೇ ಹೋಗಬಹುದು, ಆದರೆ ನಡೆಯಬೇಕೆಂದು ಎಲ್ಲರಿಗೂ ಗೊತ್ತು. ಗಂಡಸಿನ ದೇಹಕ್ಕೆ ಇಂಥ ಯಾವ ಸಂಪ್ರದಾಯವೂ ಇಲ್ಲ. ಅವನು ದುಡಿಯುವ ಯಂತ್ರ. ಯಂತ್ರ ಕೆಟ್ಟರೆ ಗುಟ್ಟಾಗಿ ರಿಪೇರಿಯಾಗಬೇಕು, ಮಾರನೆಯ ದಿನ ಅಂಗಡಿ ತೆರೆಯಬೇಕು. ನಾಲ್ಕೇ ದಿನಕ್ಕೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತು, ಸಂಜೆಗೆ ಊದಿಸಿಕೊಂಡು ಬಂದು, ರಾತ್ರಿ ಪರದಾಡುವುದು ಈ ಗುಟ್ಟಿನ ಫಲವೇ. ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡು ನಮಾಝ್ ಮಾಡಿದರೆ ಜನ ಕಾರಣ ಕೇಳುತ್ತಾರೆಂದು ಹೆದರಿ ನೆಲದ ಮೇಲೆಯೇ ಸಜ್ದಾ ಮಾಡಿ ಹೊಲಿಗೆ ನೋಯಿಸಿಕೊಳ್ಳುವವನೂ, ದೇವಸ್ಥಾನದಲ್ಲಿ ಅಡ್ಡಬೀಳುವವನೂ ಒಂದೇ ಭಯದ ಎರಡು ಮುಖ. ಕಾಯಿಲೆಯವನಿಗೆ ಕೂತು, ಮಲಗಿ ಪ್ರಾರ್ಥಿಸಲು ಧರ್ಮ ರಿಯಾಯಿತಿ ಕೊಟ್ಟಿದೆ. ಪಕ್ಕದ ಸಾಲಿನವರು ಕೊಟ್ಟಿಲ್ಲ!

ಇಲ್ಲಿ ಹೆಂಗಸಿನ ಪಾಲನ್ನೂ ಹೇಳದೆ ಮುಗಿಸುವಂತಿಲ್ಲ. ಮಂಜುಗಡ್ಡೆ ತರುವವಳು, ಮಾತ್ರೆಯ ವೇಳೆ ನೆನಪಿಡುವವಳು, ರಕ್ತದ ಕಲೆಯ ಬಟ್ಟೆ ಯಾರಿಗೂ ಕಾಣದ ಹಾಗೆ ಒಗೆಯುವವಳು ಹೆಂಡತಿ. ವೈದ್ಯರ ಕೋಣೆಯಲ್ಲಿ ಮಾತ್ರ ಅವಳಿಗೆ ಜಾಗವಿಲ್ಲ. ‘ಅಮ್ಮಾ, ನೀವು ಸ್ವಲ್ಪ ಹೊರಗಿರಿ’ ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತ ಅವಳಿಗೆ ಏನನ್ನು ಹಾಕಿದರು, ಎಲ್ಲಿ ಹಾಕಿದರು, ಎಷ್ಟು ದಿನ ಮುಟ್ಟಬಾರದು ಎಂಬ ಒಂದು ಮಾತೂ ಗೊತ್ತಿರುವುದಿಲ್ಲ. ಸಾಧನವನ್ನು ಬಳಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕಾಯಬೇಕು. ಇದನ್ನು ಅವಳಿಗೂ ಹೇಳಿದ್ದರೆ ಅವಳೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ತನಗಾಗಿಯೇ ಗಂಡ ಈ ನೋವು ಅನುಭವಿಸುತ್ತಿದ್ದಾನೆ ಎಂಬ ಅಪರಾಧಿ ಭಾವ, ತನ್ನನ್ನು ಕೇಳದೆಯೇ ಮಾಡಿಸಿಕೊಂಡ ಎಂಬ ಸಿಟ್ಟು, ಎರಡನ್ನೂ ಹೊತ್ತು ಅವಳು ನೆಲದ ಮೇಲೆ ಚಾಪೆ ಹಾಸಿ ಎಚ್ಚರವಾಗಿ ಮಲಗಿರುತ್ತಾಳೆ. ಒಂದು ಕೋಣೆಯಲ್ಲಿ ಇಬ್ಬರ ನಿದ್ದೆ ಹೋಯಿತು.

‘ಸಂಕೋಚವೂ ಒಂದು ಗುಣವಲ್ಲವೇ? ಎಲ್ಲವನ್ನೂ ಬಯಲಿಗೆ ತರಬೇಕೇ?’ ಎಂದು ಹಿರಿಯರು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಯಾವ ರೋಗಿಯೂ ತನ್ನ ಶಸ್ತ್ರಚಿಕಿತ್ಸೆಯನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ. ನೆಂಟರಿಗೆ ‘ಒಂದು ಆಪರೇಷನ್ ಆಗಿದೆ, ಎರಡು ವಾರ ವಿಶ್ರಾಂತಿ ಬೇಕು’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುವ ಹಕ್ಕು ಅವನಿಗಿದೆ. ಖಾಸಗಿತನ ಎಂದರೆ ಅದೇ. ಆದರೆ ಖಾಸಗಿತನವನ್ನು ರೋಗಿ ತಾನೇ ಆರಿಸಿಕೊಳ್ಳುತ್ತಾನೆ. ಮೌನವನ್ನು ಅವನ ಮೇಲೆ ಹೇರಲಾಗುತ್ತದೆ. ವೈದ್ಯನು ರೋಗಿಗೆ, ಗಂಡನು ಹೆಂಡತಿಗೆ, ದಾದಿಯು ಮನೆಯವರಿಗೆ ಹೇಳಬೇಕಾದ್ದನ್ನು ಹೇಳದಿರುವುದು ಸಂಕೋಚದ ಹೆಸರಿನಲ್ಲಿ ನಡೆಯುವ ನಿರ್ಲಕ್ಷ್ಯ. ಸಂಕೋಚ ಅಷ್ಟು ದೊಡ್ಡ ಗುಣವಾಗಿದ್ದರೆ ಅದು ಮೊದಲು ಆ ಗೋಡೆಬರಹಗಳನ್ನು ಅಳಿಸಬೇಕಿತ್ತು.

ಇನ್ನು ‘ಗಂಡಸು ಇಷ್ಟು ನೋವು ತಡೆದುಕೊಳ್ಳಬಾರದೇ?’ ಎನ್ನುವವರು. ಯಾಕೆ ತಡೆದುಕೊಳ್ಳಬೇಕು? ಮಾತ್ರೆ ಇದೆ, ದಿಂಬು ಇದೆ, ಮಂಜುಗಡ್ಡೆ ಇದೆ. ಇರುವ ಪರಿಹಾರವನ್ನು ಬಿಟ್ಟು ತಡೆದುಕೊಂಡ ನೋವಿಗೆ ಯಾವ ಪುಣ್ಯವೂ ಬರುವುದಿಲ್ಲ. ಹೀಗೆ ತಡೆದುಕೊಳ್ಳುವುದನ್ನು ಕಲಿತ ಗಂಡಸರೇ ಎದೆನೋವನ್ನೂ ತಡೆದುಕೊಳ್ಳುತ್ತಾರೆ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಅದಕ್ಕೇ ನಾಳಗಳ ಕಾಯಿಲೆ ಮೊದಲು ಇಲ್ಲಿ ಕಾಣಿಸಿಕೊಂಡು, ಕೆಲವು ವರ್ಷಗಳ ನಂತರ ಹೃದಯದಲ್ಲಿ ಪ್ರಕಟವಾಗುವುದುಂಟು. ನಾಚಿಕೆಯಿಂದ ಮೊದಲನೆಯದನ್ನು ಮುಚ್ಚಿಟ್ಟವನು ಎರಡನೆಯದರ ಮುನ್ಸೂಚನೆಯನ್ನೂ ಮುಚ್ಚಿಟ್ಟ ಹಾಗಾಯಿತು. ನಿಮಿರುವಿಕೆಯ ತೊಂದರೆ ಎಂದು ಬಂದವನ ಹೃದಯ, ರಕ್ತದೊತ್ತಡ, ಸಕ್ಕರೆಯನ್ನು ನೋಡದೆ ಕಳಿಸುವ ಲಾಡ್ಜಿನ ‘ತಜ್ಞ’ ಕಸಿದುಕೊಳ್ಳುವುದು ಹಣವನ್ನಷ್ಟೇ ಅಲ್ಲ.

ಹಾಗಾದರೆ ಏನು ಕೇಳೋಣ? ದೊಡ್ಡದೇನೂ ಬೇಡ. ಈ ಶಸ್ತ್ರಚಿಕಿತ್ಸೆ ಮಾಡುವ ಪ್ರತಿ ಆಸ್ಪತ್ರೆಯೂ ಮೊದಲ ಎರಡು ವಾರದ ಆರೈಕೆಯನ್ನು ಕನ್ನಡದಲ್ಲಿ ಬರೆದು ಕೊಡಲಿ. ಓದಲು ಬಾರದವರಿಗೆ ಗಂಡು ದಾದಿಯೊಬ್ಬರು ಹಾಸಿಗೆಯ ಮೇಲೆ ಮಲಗಿಸಿ, ದಿಂಬು ಇಟ್ಟು ತೋರಿಸಲಿ. ಶಸ್ತ್ರಚಿಕಿತ್ಸೆಯ ನಂತರವಲ್ಲ, ಮುಂಚೆ; ಅರಿವಳಿಕೆಯ ಮಂಪರಿನಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ರೋಗಿ ಒಪ್ಪಿದರೆ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಲಿ. ರಾತ್ರಿ ಕರೆ ಮಾಡಲು ಒಂದು ನಂಬರು ಕೊಡಲಿ. ಮನೆಗೆ ಬಿಡುವ ಮುನ್ನ ‘ನಿಮ್ಮ ಮನೆಯಲ್ಲಿ ಮಂಚ ಇದೆಯೇ, ಪ್ರತ್ಯೇಕ ಕೋಣೆ ಇದೆಯೇ, ಪಾಯಖಾನೆ ಯಾವ ಬಗೆಯದು?’ ಎಂದು ಮೂರು ಪ್ರಶ್ನೆ ಕೇಳಲಿ. ಪರದೆಯ ಬದಲು ಬಾಗಿಲಿರುವ ಒಂದು ಕೋಣೆಯಲ್ಲಿ ಕೇಳಲಿ.

ಮನೆಗಳಲ್ಲಿರುವವರು ಮಾಡಬಹುದಾದದ್ದು ಇನ್ನೂ ಸುಲಭ. ‘ಯಾವ ಆಪರೇಷನ್?’ ಎಂದು ಎರಡನೇ ಸಲ ಕೇಳಬೇಡಿ. ಮಂಚ ಬಿಟ್ಟುಕೊಡಿ. ಮಕ್ಕಳನ್ನು ಬೇರೆ ಕಡೆ ಮಲಗಿಸಿ. ಇನ್ನೊಂದು ದಿಂಬು ಬೇಕೇ ಎಂದು ಮಾತ್ರ ಕೇಳಿ. ಅಂಗಡಿಯನ್ನು ಹತ್ತು ದಿನ ಮಗ ನೋಡಿಕೊಳ್ಳಲಿ. ಕಾಯಿಲೆಯವನಿಗೆ ಬೇಕಾದದ್ದು ನಮ್ಮ ಕುತೂಹಲವಲ್ಲ, ಮುಚ್ಚಿದ ಬಾಗಿಲಿನ ಹಿಂದೆ ಆರು ಗಂಟೆಯ ನಿದ್ದೆ. ಅದನ್ನು ಕೊಡಲು ನಮಗೆ ವೈದ್ಯಕೀಯ ಜ್ಞಾನವೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಗಂಡಸಿನ ದೇಹವೂ ನೋಯುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಒಪ್ಪಿಕೊಂಡರೆ ಸಾಕು.